ಡಿಕ್ಕಿಯಲ್ಲಿ ಬೇಸ್, ಪಾತ್ರೆಯಲ್ಲಿ ಹಿಟ್ಟು

ಐವತ್ತು ದಾಟಿದ ಗಂಡಸು ಹೊಸದಾಗಿ ಏನನ್ನಾದರೂ ಬಯಸಿದರೆ ಮನೆಯವರಿಗೆ ಮೊದಲು ಅವನ ಬಿಪಿಯ ಮೇಲೆ ಅನುಮಾನ ಬರುತ್ತದೆ. ಯೋಗಕ್ಕೆ ಸೇರುತ್ತೇನೆ ಎಂದರೆ ಸಂತೋಷ, ತೀರ್ಥಯಾತ್ರೆಗೆ ಹೋಗುತ್ತೇನೆ ಎಂದರೆ ಇನ್ನೂ ಸಂತೋಷ. ನಾನು ಬಯಸಿದ್ದು ಬೇಸ್, ಹಾಡಿನೊಳಗಿನ ಆ ಗುಡುಗಿನಂಥ ದಪ್ಪ ಸದ್ದು. ಕಾರಿನಲ್ಲಿ ಹಾಕಿದ ಹಾಡು ಕಿವಿಗೆ ಕೇಳಿದರಷ್ಟೇ ಸಾಲದು, ಎದೆಗೂ ತಾಗಬೇಕು ಎಂಬ ಆಸೆ. ಇದನ್ನು ಹೆಂಡತಿ ಸುಮತಿಗೆ ಹೇಳಿದಾಗ ಅವಳು, ಎದೆಗೆ ತಾಗಲಿಕ್ಕೆ ಈಗಿರುವ ಗ್ಯಾಸ್ಟ್ರಿಕ್ ಸಾಲದಾ ಎಂದು ಕೇಳಿದಳು.

ನನ್ನ ಕಡೆಯೂ ನ್ಯಾಯವಿತ್ತು. ನಾನು ಕುಂದಾಪುರದ ಕಡೆಯವನು, ನಾಸಿಕ್‌ನ ಸಾತಪುರದಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು ಇಟ್ಟುಕೊಂಡಿದ್ದೇನೆ. ಚಿಕ್ಕಂದಿನಲ್ಲಿ ಯಕ್ಷಗಾನದ ಮದ್ದಳೆ ಕೇಳಿ ಬೆಳೆದವನು ದೊಡ್ಡವನಾಗಿ ಬಂದು ಸೇರಿದ್ದು ಢೋಲಿಗೆ ಹೆಸರಾದ ಊರನ್ನು. ಗಣಪತಿ ಮೆರವಣಿಗೆಯ ಢೋಲು ನಮ್ಮ ಬೀದಿಯಲ್ಲಿ ಹಾದುಹೋದರೆ ಕೌಂಟರಿನ ಮೇಲಿನ ಸೋಂಪಿನ ತಟ್ಟೆ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಅಂಥವನ ಕಾರಿನಲ್ಲಿ, ಕಂಪನಿಯವರೇ ಕೂರಿಸಿ ಕೊಟ್ಟ ಸ್ಪೀಕರಿನಲ್ಲಿ, ಮದ್ದಳೆಯೂ ಢೋಲೂ ಒಂದೇ ತರಹ. ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಯಾರೋ ಚಮಚದಲ್ಲಿ ಬಡಿದ ಹಾಗೆ ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತವರಿಗಂತೂ ಅದು ಹಾಡೋ ಇಂಡಿಕೇಟರಿನ ಸದ್ದೋ ತಿಳಿಯುತ್ತಿರಲಿಲ್ಲ.

ಕೊನೆಗೆ ಒಂದು ದಿನ ಹೋಟೆಲನ್ನು ಸುಮತಿಗೆ ಒಪ್ಪಿಸಿ, ಟಯರು ನೋಡಿಸಿಕೊಂಡು ಬರುತ್ತೇನೆಂದು ಹೇಳಿ, ಅಂಬಡ್‌ನ ಸೌಂಡ್ ಸಿಸ್ಟಮ್ ಅಂಗಡಿಗೆ ಹೋದೆ. ಅಲ್ಲಿಯವನು ಬಾಗಿಲುಗಳ ಒಳಹೊದಿಕೆ ಬಿಚ್ಚಿದ, ತಗಡು ಅದುರದಂತೆ ಏನೋ ಕಪ್ಪು ಹಾಳೆ ಅಂಟಿಸಿದ, ಹಳೆಯ ಸ್ಪೀಕರುಗಳನ್ನು ತೆಗೆದು ಹೊಸದು ಕೂರಿಸಿದ, ಸೀಟಿನ ಅಡಿಯಲ್ಲಿ ಆಂಪ್ಲಿಫೈಯರ್ ಇಟ್ಟ. ಕೊನೆಗೆ ಡಿಕ್ಕಿಯಲ್ಲಿ ಕಪ್ಪು ಕಾರ್ಪೆಟ್ಟು ಹೊದ್ದ ದೊಡ್ಡದೊಂದು ಮರದ ಪೆಟ್ಟಿಗೆ ಬಂದು ಕುಳಿತಿತು. ಅದೇ ಸಬ್‌ವೂಫರ್, ಬೇಸ್ ಹುಟ್ಟುವ ಜಾಗ. ‘ಕಾಕಾ, ಅಬ್ ಗಾನಾ ಸುನೋಗೇ ನಹೀ, ಪಹನೋಗೇ’ ಎಂದ. ಹಾಡನ್ನು ಕೇಳುವುದಲ್ಲ, ತೊಟ್ಟುಕೊಳ್ಳುವುದು ಎಂದು ಅವನ ಮಾತು. ಸುಳ್ಳಲ್ಲ. ಮೊದಲ ಪೆಟ್ಟಿಗೇ ಕನ್ನಡಕ ಮೂಗಿನ ಮೇಲೆ ನಡುಗಿತು, ಅಂಗಿಯ ಜೇಬಿನಲ್ಲಿದ್ದ ಪೆನ್ನು ತಾಳ ಹಾಕಿತು. ಆ ದಿನ ನನಗಾದಷ್ಟು ಸಂತೋಷ ಮದುವೆಯ ದಿನವೂ ಆಗಿತ್ತೇ ಎಂದು ಕೇಳಿದರೆ ಉತ್ತರ ಹೇಳುವ ಧೈರ್ಯ ನನಗಿಲ್ಲ.

ಸುಮತಿ ಟಯರು ನೋಡಲಿಲ್ಲ, ನೇರ ಡಿಕ್ಕಿಯನ್ನೇ ತೆರೆದಳು. ‘ಇದೆಂತದ್ದು ಮಾರಾಯ್ರೆ, ಡಿಕ್ಕಿಗೆ ಕಪಾಟು ತುಂಬ್ಸಿದ್ದಾ? ಇನ್ನು ಸಾಮಾನು ನಿಮ್ಮ ತಲೆ ಮೇಲೆ ಇಡೂದಾ?’ ಎಂದಳು. ಗಿರಾಕಿಗಳನ್ನು ಸಮಾಧಾನ ಮಾಡಿ ಅಭ್ಯಾಸವಾದ ಬಾಯಿ ನನ್ನದು. ಪೆಟ್ಟಿಗೆಯ ಮೇಲ್ಭಾಗ ನೋಡು ಎಷ್ಟು ಸಮತಟ್ಟಾಗಿದೆ, ಮೇಲೆ ಕಾರ್ಪೆಟ್ಟು ಬೇರೆ, ಇಟ್ಟ ವಸ್ತು ಜಾರುವುದೇ ಇಲ್ಲ, ಪಾತ್ರೆ ಇಡಲಿಕ್ಕೆಂದೇ ಸ್ಟ್ಯಾಂಡು ಮಾಡಿಸಿದೆ ಎಂದು ತಿಳಿದುಕೋ ಎಂದೆ. ಅವಳು ನಂಬಲಿಲ್ಲ. ಹೇಳುತ್ತಾ ಹೇಳುತ್ತಾ ನಾನು ಮಾತ್ರ ನಂಬಿಬಿಟ್ಟೆ.

ಅಷ್ಟರಲ್ಲಿ ಛತ್ರಪತಿ ಸಂಭಾಜಿನಗರದಿಂದ ಕರೆ ಬಂತು. ನಮ್ಮ ಒಬ್ಬಳೇ ಮಗಳು ಪಲ್ಲವಿ ಅಲ್ಲಿ ಒಂದು ಮರಾಠಿ ಮನೆಯ ಸೊಸೆ. ಹೆಣ್ಣು ನೋಡಲು ಬಂದ ದಿನ ಅವಳ ಅತ್ತೆ, ಎಂದರೆ ನಮ್ಮ ಬೀಗಿತಿ, ನಮ್ಮ ಹೋಟೆಲಿನ ಇಡ್ಲಿ ತಿಂದು, ಇಡ್ಲಿಯೇ ಇಷ್ಟು ಮೆತ್ತಗಿರುವ ಮನೆಯ ಹುಡುಗಿ ಇನ್ನೆಷ್ಟು ಮೆತ್ತಗಿರಬೇಕು ಎಂದಿದ್ದರು. ಹುಡುಗಿಯ ವಿಷಯದಲ್ಲಿ ಅವರ ಲೆಕ್ಕ ತಪ್ಪಿತು, ಇಡ್ಲಿಯ ವಿಷಯದಲ್ಲಿ ಈವರೆಗೆ ತಪ್ಪಿರಲಿಲ್ಲ. ಈಗ ಬೀಗಿತಿಯ ಅಕ್ಕತಂಗಿಯರೆಲ್ಲ ಬರುವವರಿದ್ದರು. ಅವರ ಮುಂದೆ ಈ ಇಡ್ಲಿಯ ವರ್ಣನೆ ವರ್ಷಗಳಿಂದ ನಡೆದಿತ್ತಂತೆ. ಹಿಟ್ಟು ನಾಸಿಕ್‌ನಿಂದಲೇ, ನಮ್ಮ ಹೋಟೆಲಿನ ಕಲ್ಲಿನಲ್ಲಿ ಅರೆದದ್ದೇ ಬರಬೇಕು. ನಮ್ಮ ಮಗಳ ಕನ್ನಡಕ್ಕೆ ಅರ್ಧ ದಾರಿಯಲ್ಲಿ ಮರಾಠಿ ಹತ್ತಿಕೊಳ್ಳುತ್ತದೆ. ‘ಪಪ್ಪಾ, ಸಾಸೂಬಾಯಿ ಸಗಳ್ಯಾಂನಾ ಹೇಳಿ ಇಟ್ಟಿದ್ದಾರೆ. ಮಾಝೀ ಇಜ್ಜತ್ ನಿಮ್ಮ ಕೈಯಲ್ಲಿ ಉಂಟು’ ಎಂದಳು. ಅತ್ತೆ ಎಲ್ಲರಿಗೂ ಹೇಳಿಟ್ಟಾಗಿದೆ, ಅವಳ ಮಾನ ಇನ್ನು ನನ್ನ ಕೈಯಲ್ಲಿ ಎಂದು ಅರ್ಥ.

ಹೊರಡುವ ಬೆಳಿಗ್ಗೆ ಹಿಟ್ಟು ಚೆನ್ನಾಗಿ ಹುಳಿ ಬಂದು, ಉಬ್ಬಿ, ದೊಡ್ಡ ಸ್ಟೀಲ್ ಪಾತ್ರೆಯ ಕಂಠಕ್ಕೆ ಬಂದಿತ್ತು. ಎಂದಿನಂತೆ ಕಾಲ ಬಳಿ ಇಟ್ಟುಕೊಳ್ಳುತ್ತೇನೆ ಎಂದಳು ಸುಮತಿ. ನನ್ನ ಮಾತು ಸಾಬೀತಾಗಬೇಕಲ್ಲ, ನಾನು ಅದನ್ನು ಡಿಕ್ಕಿಯ ಪೆಟ್ಟಿಗೆಯ ಮೇಲಿಟ್ಟು ಹಗ್ಗದಿಂದ ಬಿಗಿದೆ. ಆಮೇಲೆ ಹಾಡು ಹಾಕಿದೆ. ರಸ್ತೆ ಖಾಲಿ, ಗಾಳಿ ತಂಪು, ಎದೆಯೊಳಗೆ ಢೋಲು. ಪೈಠಣಿ ಸೀರೆಗೆ ಹೆಸರಾದ ಯೇವಲಾ ಬರುವ ಹೊತ್ತಿಗೆ ಸುಮತಿಯ ತುಟಿ ಅಲ್ಲಾಡುವುದು ಕಂಡಿತು. ಇವಳೂ ಹಾಡುತ್ತಿದ್ದಾಳಲ್ಲ ಎಂದು ಪ್ರೀತಿ ಉಕ್ಕಿ ನಾನೂ ತಲೆದೂಗಿದೆ. ಸೀರೆಯ ಅಂಗಡಿಗಳೆಲ್ಲ ಹಿಂದಾದ ಮೇಲೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ಅವಳು ಅಷ್ಟು ಹೊತ್ತು ಹೇಳುತ್ತಿದ್ದದ್ದು ‘ಕಾರು ನಿಲ್ಸಿ’ ಎಂದು ಎಂಬುದು ಗೊತ್ತಾಯಿತು. ಮುಂದಿನ ದಾರಿಯುದ್ದಕ್ಕೂ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಹೊರಗಿನ ಈರುಳ್ಳಿ ಹೊಲ ನೋಡುತ್ತಾ ಕುಳಿತಳು.

ಪಲ್ಲವಿಯ ಮನೆಯ ಮುಂದೆ ಹಾಡು ನಿಲ್ಲಿಸುವ ಮೊದಲೇ ಡಿಕ್ಕಿ ತೆರೆದೆವು. ಪಾತ್ರೆಯ ಮುಚ್ಚಳ ಸಣ್ಣಗೆ ಕುಣಿಯುತ್ತಿತ್ತು. ಎತ್ತಿ ನೋಡಿದರೆ ಕಂಠಕ್ಕಿದ್ದ ಹಿಟ್ಟು ಅರ್ಧಕ್ಕೆ ಇಳಿದು, ಒಂದು ಗುಳ್ಳೆಯೂ ಇಲ್ಲದೆ, ಗೋಡೆಗೆ ಹಚ್ಚುವ ಬಣ್ಣದ ಹಾಗೆ ಮಲಗಿತ್ತು. ನಾಸಿಕ್‌ನಿಂದ ಅಲ್ಲಿಯವರೆಗೆ ನನ್ನ ಬೇಸ್ ಅದರೊಳಗಿನ ಗಾಳಿಯನ್ನೆಲ್ಲ ಬಡಿದು ಹೊರಗೆ ಹಾಕಿತ್ತು. ‘ಪಪ್ಪಾ, ಪೀಠ ಬಸ್ಲಂಯ್’ ಎಂದಳು ಪಲ್ಲವಿ. ಹಿಟ್ಟು ಕೂತುಬಿಟ್ಟಿದೆ ಎಂಬುದನ್ನು ಅವಳು ಹೇಳಬೇಕಾಗಿರಲಿಲ್ಲ. ಪರೀಕ್ಷೆಗೆಂದು ಬೇಯಿಸಿದ ಇಡ್ಲಿಗಳು ಇಸ್ತ್ರಿ ಮಾಡಿದ ಕರವಸ್ತ್ರದಂತೆ ಎದ್ದು ಬಂದವು. ಹೊರಗೆ ಬೀಗಿತಿಯ ಅಕ್ಕತಂಗಿಯರು ಕುಳಿತಾಗಿತ್ತು, ತಟ್ಟೆಗಳ ಸದ್ದೂ ಶುರುವಾಗಿತ್ತು. ಮಗಳ ಮುಖ ನೋಡಲಾಗದೆ ನಾನು ಫ್ರಿಜ್ಜಿಗೆ ಅಂಟಿಸಿದ್ದ ಹಾಲಿನವನ ಫೋನ್ ನಂಬರು ಓದುತ್ತಾ ನಿಂತೆ.

ಸುಮತಿ ಮಾತ್ರ ಹಿಟ್ಟಿಗೆ ನೀರು ಬೆರೆಸಿದಳು, ಚಪಾತಿಯ ಕಬ್ಬಿಣದ ತವಾ ಕಾಯಿಸಿದಳು, ಎಣ್ಣೆ ಸವರಿ ತೆಳ್ಳಗೆ ಹರಡಿದಳು. ಅದು ನಮ್ಮ ದೋಸೆಯೂ ಅಲ್ಲ, ನೀರುದೋಸೆಯೂ ಅಲ್ಲ. ಅಂಚು ಜಾಲರಿಯಂತೆ ಹರಿದು, ತರಿ ಅಕ್ಕಿ ಗರಿಗರಿಯಾಗಿ ಹುರಿದು, ಮುರಿದರೆ ಹಪ್ಪಳದ ಸದ್ದು. ಹೊರಗಿನಿಂದ ಇನ್ನೊಂದು, ಇನ್ನೊಂದು ಎಂದು ಕೇಳತೊಡಗಿದರು. ಇಡ್ಲಿಯ ನೆನಪು ಯಾರಿಗೂ ಬರಲಿಲ್ಲ. ಇದೇನು ಹೊಸ ಪದಾರ್ಥ ಎಂದು ಬೀಗಿತಿ ಕೇಳಿದಾಗ, ನಮ್ಮ ಊರಿನ ಕಡೆಯ ವಿಶೇಷ, ಎಲ್ಲರ ಕೈಯಲ್ಲೂ ಆಗುವುದಿಲ್ಲ ಎಂದೆ. ಎರಡನೆಯ ಮಾತಂತೂ ನಿಜ. ಮುಂದಿನ ಸಲ ಇದನ್ನೇ ತನ್ನಿ ಎಂದರು ಅವರು.

ನಾಸಿಕ್‌ಗೆ ಬಂದ ಮೇಲೆ ಸುಮತಿ ಅದನ್ನು ಮತ್ತೆ ಮಾಡಲು ನೋಡಿದಳು. ಹಿಟ್ಟನ್ನು ಸೌಟಿನಲ್ಲಿ ಬಡಿದಳು, ಕಡೆಗೋಲಿನಲ್ಲಿ ಕಡೆದಳು, ಮಿಕ್ಸಿಗೂ ಹಾಕಿದಳು. ಜಾಲರಿ ಬರಲಿಲ್ಲ, ಆ ಗರಿಯೂ ಬರಲಿಲ್ಲ. ಕೊನೆಗೆ ಮೊನ್ನೆ ಮತ್ತೆ ಸಂಭಾಜಿನಗರಕ್ಕೆ ಹೊರಟಾಗ, ನಾನು ಕೈ ಹಾಕುವ ಮೊದಲೇ ಅವಳು ಪಾತ್ರೆಯನ್ನು ತಾನೇ ಒಯ್ದು ಪೆಟ್ಟಿಗೆಯ ಮೇಲಿಟ್ಟು ಬಿಗಿದಳು. ಗೆದ್ದೆ ಎಂದುಕೊಂಡೆ. ಹಿತವಾಗಿ ಒಂದು ಕೊಳಲು ಹಾಕಿದೆ. ‘ಅದು ಸಾಕಾಗೂದಿಲ್ಲ, ಢೋಲು ಹಾಕಿ. ಇನ್ನೂ ಜೋರು’ ಎಂದು ಹೇಳಿ ಅವಳು ಹತ್ತಿಯನ್ನೆಲ್ಲ ತನ್ನ ಕಿವಿಗೇ ತುಂಬಿಕೊಂಡಳು.

ಯೇವಲಾದಲ್ಲಿ ಈ ಸಲ ನಿಲ್ಲಿಸಿದೆ. ಸುಮತಿ ಅಂಗಡಿಯೊಳಗೆ ಒಂದೊಂದೇ ಪೈಠಣಿ ಬಿಡಿಸಿ ನೋಡುತ್ತಿದ್ದಳು. ಹಾಡು ನಿಲ್ಲಿಸಕೂಡದು, ನಿಲ್ಲಿಸಿದರೆ ಹಿಟ್ಟು ಮತ್ತೆ ಏಳುತ್ತದೆ ಎಂದು ಹೇಳಿ ಹೋಗಿದ್ದಳು. ಬಿಳಿ ಮೀಸೆಯ ನಾನು ಪೇಟೆಯ ನಡುವೆ, ಅದುರುವ ಕಾರಿನಲ್ಲಿ, ನೋಯುವ ತಲೆ ಹಿಡಿದುಕೊಂಡು ಒಬ್ಬನೇ ಕುಳಿತಿದ್ದೆ. ನನ್ನದೇ ವಯಸ್ಸಿನ ಒಬ್ಬರು ಬಂದು ಗಾಜು ತಟ್ಟಿ, ಈ ವಯಸ್ಸಿಗೆ ಇಷ್ಟು ಜೋರಾಗಿ ಯಾಕೆ ಹಾಡು ಕೇಳುತ್ತೀರಿ ಎಂದು ಮರಾಠಿಯಲ್ಲಿ ವಿಚಾರಿಸಿದರು. ಇದು ನನಗಲ್ಲ, ಹಿಟ್ಟಿಗೆ ಎಂದು ಅವರಿಗೆ ನಿಜವನ್ನೇ ಹೇಳಿದೆ.