ಭೀಮನಬೀಡಿನಲ್ಲಿ ನಮ್ಮ ಹುಡುಗನ ಫೀಲ್ಡ್‌ವರ್ಕ್

ಚಾಮರಾಜನಗರದಲ್ಲಿ ಎಂಎಸ್‌ಡಬ್ಲ್ಯು ಪಾಠ ಮಾಡುವ ನನಗೆ, ಸಮಾಜಕಾರ್ಯ ಅಂದರೆ ಏನೆಂದು ಕ್ಲಾಸಿನಲ್ಲಿ ಚೆನ್ನಾಗಿಯೇ ಗೊತ್ತಿರುತ್ತದೆ. ಬಸ್ಸು ಹತ್ತಿ ಹಳ್ಳಿಯಲ್ಲಿ ಇಳಿದ ಕೂಡಲೇ ಗೊಂದಲ ಶುರು. ಪ್ರತಿವರ್ಷವೂ ಇದೇ ಕಥೆ. ಈ ವರ್ಷದ್ದು ಉಮ್ಮತ್ತೂರಿನ ಒಬ್ಬ ವಿದ್ಯಾರ್ಥಿಯದು. ಹೋದ ಸಲ ಫೀಲ್ಡ್‌ವರ್ಕಿನಲ್ಲಿ ಫೇಲಾಗಿದ್ದ. ಈ ಸಲವೂ ಆದರೆ ಓದು ಬಿಡಿಸಿ ಕ್ವಾರಿ ಕೆಲಸಕ್ಕೆ ಕಳಿಸುತ್ತೇನೆಂದು ಅವನಪ್ಪ ಹೇಳಿಬಿಟ್ಟಿದ್ದರು. ಅವನಿಗಿಂತ ನನಗೇ ಭಯ.

ಬಾಯಿ ಮುಚ್ಚಿಕೊಂಡು ಕೇಳು

"ಸಲಹೆ ಕೊಡಬೇಡ, ತಲೆಯಾಡಿಸುತ್ತ ಕೇಳಿಸಿಕೋ" ಎಂದು ಪುಸ್ತಕದಲ್ಲಿದ್ದದ್ದನ್ನೇ ಹೇಳಿ ಭೀಮನಬೀಡಿಗೆ ಕಳಿಸಿದೆ. ಅಲ್ಲಿ ಒಬ್ಬ ಅಜ್ಜಿ ಸೊಸೆಯ ವಿಷಯ ಹೇಳಿದರು, ಮಂಡಿನೋವು ಹೇಳಿದರು. ಇವನು ಬರೀ ತಲೆಯಾಡಿಸಿದ. ಅಜ್ಜಿಗೆ ಗಾಬರಿಯಾಯಿತು.

"ಯಾಕ್ ಮಗಾ, ಮಾತೇ ಓಗ್ಬುಟ್ಟದಲ್ಲ? ಯಾರ್ ಕಣ್ ಬಿತ್ತೋ ಏನೋ!"

ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆಯನ್ನೂ ಹೊತ್ತರು.

ಮರುದಿನ ಹುಡುಗ ಬಂದು ಕೇಳಿದ: "ಸಾರ್, ರಿಪೋರ್ಟಲ್ಲಿ ಸಮಸ್ಯೆ ಇರೋರು ಯಾರು ಅಂತ ಬರೀಲಿ? ಅಜ್ಜಿನಾ, ನಾನಾ?"

ಊರಿನ ನಕ್ಷೆ

ಊರಿನವರೇ ನೆಲದ ಮೇಲೆ ತಮ್ಮೂರಿನ ನಕ್ಷೆ ಬರೆಯಬೇಕು. ಅದೂ ಪಾಠದಲ್ಲಿದೆ. ಆ ದಿನ ನೋಡಲೆಂದು ನಾನೂ ಹೋಗಿದ್ದೆ. ಹೆಂಗಸರು ರಂಗೋಲಿ ಪುಡಿ ತಂದು ಬರೆದರು. ನೋಡಿದರೆ ಎರಡು ಅಂಗನವಾಡಿ, ಎರಡು ನೀರಿನ ಟ್ಯಾಂಕು! ಬರುವ ದಾರಿಯಲ್ಲಿ ನನಗೆ ಒಂದೊಂದೇ ಕಂಡಿತ್ತು.

"ಇನ್ನೊಂದು ಟ್ಯಾಂಕ್ ಎಲ್ಲಿದೆಯಮ್ಮ?"

"ಇಲ್ಲ ಕಣ್ ಸಾ. ಒಂದ್ ಕಡೆ ಬರ್ದು ಇನ್ನೊಂದ್ ಕಡೆ ಬುಟ್ರೆ ರಂಗೋಲಿ ಚೆಂದಾಗಿ ಕಾಣ್ತದಾ? ಅದ್ಕೇ ಆ ಕಡೀಕೂ ಒಂದ್ ಆಕುದ್ವಿ."

ಪರೀಕ್ಷಕರು ಬಂದರು

ಕೊನೆಗೆ ಮೈಸೂರಿನಿಂದ ಪರೀಕ್ಷಕರು ಬಂದರು. ಹಿರಿಯರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅದೇ ಅಜ್ಜಿಯ ಮನೆ ಜಗಲಿಯ ಮೇಲೆ ಕೂತು ಗಂಭೀರವಾಗಿ ಕೇಳಿದರು:

"ಹುಡುಗನ ನಡತೆ ಹೇಗೆ? ಎಲ್ಲರ ಜೊತೆ ಹೊಂದಿಕೊಂಡು ಹೋಗ್ತಾನಾ?"

ನಮ್ಮ ಕಡೆ ಹೀಗೆ ವಿಚಾರಿಸುವವರು ಹೆಣ್ಣಿನ ಕಡೆಯವರು ಮಾತ್ರ. ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಚಿನ್ನದಂತ ಉಡ್ಗ ಕಣಪ್ಪ. ಬೀಡಿ ಇಲ್ಲ, ಎಂಡ ಇಲ್ಲ. ಎದುರುಮಾತು ಆಡ್ದೋನೇ ಅಲ್ಲ. ಕಣ್ಮುಚ್ಕೊಂಡು ಕೊಡಿ. ಅದ್ಸರಿ, ಎಣ್ಣು ಏನ್ ಓದವ್ಳೆ?"

ಪರೀಕ್ಷಕರು ತಬ್ಬಿಬ್ಬಾಗಿ "ಬಿ.ಕಾಂ" ಎಂದುಬಿಟ್ಟರು.

ವಾಪಸ್ ಹೊರಟು ಕಾರು ಗುಂಡ್ಲುಪೇಟೆ ದಾಟಿದರೂ ಅವರು ಅಂಕದ ಹಾಳೆ ಹೊರಗೆ ತೆಗೆಯಲಿಲ್ಲ. ಹುಡುಗ ಕ್ವಾರಿಗೆ ಹೋದ ಹಾಗೇ ಅಂದುಕೊಂಡೆ. ತಡೆಯಲಾರದೆ, "ಸಾರ್, ಪಾಸಾಗ್ತಾನಾ?" ಎಂದೆ.

"ಅದು ಆಗ್ತಾನೆ ಬಿಡಿ" ಎಂದವರು ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಕೇಳಿದರು: "ಮನೆ ಕಡೆ ಜಮೀನು ಎಷ್ಟಿದೆ?"