ಕೈಯಲ್ಲಿ ಹಿಡಿಯತಕ್ಕ ಪಾದರಕ್ಷೆಗಳ ಕುರಿತು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಮಹಿಳೆಯರು ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳಾದರೂ ನೆಲದ ಮಟ್ಟದಲ್ಲಿಯೇ ನಡೆದಾಡುತ್ತಿದ್ದಾರೆ ಎಂಬ ಅಂಶವು ಸರ್ಕಾರದ ಗಮನಕ್ಕೆ ಬಂದಿತು. ಬೇರೆ ಕಡೆಯ ಮಹಿಳೆಯರು ಎರಡು ಮೂರು ಅಂಗುಲ ಮೇಲಕ್ಕೆ ಹೋಗಿರುವಾಗ ನಮ್ಮವರು ಹವಾಯಿ ಚಪ್ಪಲಿಯಲ್ಲೇ ಉಳಿದಿರುವುದು ಪ್ರಾದೇಶಿಕ ಅಸಮತೋಲನವೆಂದು ತೀರ್ಮಾನವಾಗಿ, ಅದನ್ನು ಸರಿಪಡಿಸಲು ಮಹಿಳಾ ವಿನ್ಯಾಸ ಪಾದರಕ್ಷಾ ಉತ್ತೇಜನ ಮಂಡಳಿ ಸ್ಥಾಪನೆಯಾಯಿತು. ನಾನು ಆ ಮಂಡಳಿಯ ಪ್ರಚಾರ ಸಹಾಯಕ. ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಅಧ್ಯಕ್ಷೆಯಾಗಿ ಕೋಡಿಹಳ್ಳಿಯ ಗಂಗಲಕ್ಷ್ಮಮ್ಮನವರು ನೇಮಕಗೊಂಡರು. ಚುನಾವಣೆಯಲ್ಲಿ ಟಿಕೆಟ್ ತಪ್ಪಿದವರಿಗೆ ಯಾವುದಾದರೊಂದು ಮಂಡಳಿ ಕೊಡುವುದು ಪ್ರಜಾಪ್ರಭುತ್ವದ ಪದ್ಧತಿ, ಆಗ ಖಾಲಿ ಇದ್ದದ್ದು ಇದೊಂದೇ. ವ್ಯವಸ್ಥಾಪಕ ನಿರ್ದೇಶಕರಾಗಿ ನಂಜುಂಡಯ್ಯನವರು ಬಂದರು. ಅವರು ಅಲ್ಲಿಯವರೆಗೆ ಮೀನುಗಳಿಗೆ ಸಂಬಂಧಿಸಿದ ಕಚೇರಿಯೊಂದರಲ್ಲಿದ್ದರು. ಮೀನಿಗೆ ಕಾಲಿಲ್ಲದ ಕಾರಣ ಪಾದರಕ್ಷೆಯ ವಿಷಯದಲ್ಲಿ ಅವರಿಗೆ ಯಾವ ಪೂರ್ವಗ್ರಹವೂ ಇರಲಿಲ್ಲ.

ಬೆಂಗಳೂರಿನಿಂದ ಒಬ್ಬ ಟ್ರೆಂಡ್ ಸಲಹೆಗಾರ್ತಿಯನ್ನು ಕರೆಸಲಾಯಿತು. ಆಕೆ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ, ಚೂಪು ಮೂತಿಯ ಶೂಗಳ ಕಾಲ ಮುಗಿಯಿತು, ಈಗ ಚೌಕ ಮೂತಿ, ಗಾಜಿನಂತೆ ಪಾರದರ್ಶಕವಾದ ಪಟ್ಟಿ, ಜೊತೆಗೆ ಕಿಟನ್ ಹೀಲ್ ಎಂಬ ಗಿಡ್ಡ, ತೆಳು ಹಿಮ್ಮಡಿ ವಾಪಸು ಬಂದಿದೆ ಎಂದರು. ನಮ್ಮ ಭಾಷಾಂತರ ಶಾಖೆ ಅದನ್ನು 'ಬೆಕ್ಕಿನಮರಿ ಹಿಮ್ಮಡಿ' ಎಂದು ದಾಖಲಿಸಿತು. ನಂಜುಂಡಯ್ಯನವರು ಮುನ್ನೆಚ್ಚರಿಕೆಯಾಗಿ ಪ್ರಾಣಿಗಳಿಗೆ ಸಂಬಂಧಿಸಿದವರ ಆಕ್ಷೇಪಣೆ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ, ಆದರೆ ಲಸಿಕೆ ಹಾಕಿಸತಕ್ಕದ್ದು ಎಂಬ ಉತ್ತರ ಬಂತು. ಕೆಲಸ ಅಷ್ಟು ಚುರುಕಾಗಿ ನಡೆಯುತ್ತಿತ್ತು.

ಹಿಮ್ಮಡಿಗಳನ್ನು ಚನ್ನಪಟ್ಟಣದ ಅರಗಿನ ಬಣ್ಣದ ಮರದಲ್ಲೇ ಮಾಡಿಸಬೇಕೆಂದು ನಿರ್ಧಾರವಾಯಿತು. ಆ ಕೆಲಸ ಗುಲ್ಜಾರ್ ಬೀ ಅವರಿಗೆ ಬಂತು. ಆಕೆ ಬೊಂಬೆ ಮಾಡುವವರು; ಸೊಂಟದ ಮೇಲೆ ಕೈಯಿಟ್ಟೇ ಮಾತಾಡುವ ಹೆಂಗಸು, ಬಾಯಿ ಲೇತಿಗಿಂತ ಜೋರು. ಮರ ಕಡೆಯುವ ಲೇತು ಆಕೆಯದು. ಅದು ನಿಂತಿದ್ದ ಶೆಡ್ಡು ಮಂಡಳಿಯದು, ಓಡಿಸುವ ಕರೆಂಟೂ ಮಂಡಳಿಯದು. ಶೆಡ್ಡಿನಿಂದ ಹೊರಬಿದ್ದರೆ ಲೇತಿಗೆ ಬೇರೆ ಜಾಗವಿಲ್ಲ. ಮನೆಯ ಹಜಾರದಲ್ಲಿ ಇಟ್ಟರೆ ಮನೆಯವರು ಬೀದಿಯಲ್ಲಿ ಮಲಗಬೇಕಾಗುತ್ತದೆ.

ಚನ್ನಪಟ್ಟಣದ ಬೊಂಬೆಯವರಲ್ಲಿ ಒಂದು ರೂಢಿಯಿದೆ. ಯಾವ ವಸ್ತುವಿಗೂ ಅಂಚು ಬಿಡುವುದಿಲ್ಲ. ಬೊಂಬೆ ಮಗುವಿನ ಕೈಗೆ ಹೋಗುತ್ತದೆ, ಕೈಯಿಂದ ನೇರ ಬಾಯಿಗೆ ಹೋಗುತ್ತದೆ. ಚೂಪು ಇದ್ದರೆ ವಸಡಿಗೆ ಚುಚ್ಚುತ್ತದೆ. ಆದ್ದರಿಂದ ಲೇತಿನಿಂದ ಇಳಿಸುವ ಮೊದಲು ತುದಿಯನ್ನು ದುಂಡಗೆ ತಿರುಗಿಸಿ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುವುದು. ಗುಲ್ಜಾರ್ ಬೀಯವರ ಕೈ ಇದನ್ನು ತಲೆಯನ್ನು ಕೇಳದೆಯೇ ಮಾಡುತ್ತದೆ. ಸಲಹೆಗಾರ್ತಿ ಕೊಟ್ಟ ಹಿಮ್ಮಡಿಯ ಚಪ್ಪಟೆ ತಳವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ ಆಕೆ, "ಯಾ ಅಲ್ಲಾ, ಅಂಚು ಹಂಗೇ ಬುಟ್ಟವ್ರೆ! ಯಾವ ಅನಾಡಿ ಮಾಡಿದ್ದೋ" ಎಂದು ಮರುಗಿ, ತಮ್ಮ ಮಾದರಿಯ ತಳವನ್ನು ಕೋಳಿಮೊಟ್ಟೆಯಂತೆ ದುಂಡಗೆ ಮಾಡಿದರು. ಕೆಂಪು, ಹಳದಿ, ಹಸಿರು ಪಟ್ಟೆ. ನೋಡಲು ಕಣ್ಣಿಗೆ ಹಬ್ಬ.

ಅನುಮೋದನೆಯ ಸಭೆಯಲ್ಲಿ ಮಾದರಿಯನ್ನು ರೇಷ್ಮೆ ಬಟ್ಟೆಯ ಮೇಲೆ ಮಲಗಿಸಿ ಇಡಲಾಗಿತ್ತು. ಮಲಗಿದ್ದಾಗ ಅದರಲ್ಲಿ ದೋಷವೇನೂ ಕಾಣಲಿಲ್ಲ. ಅನುಮೋದನೆಯಾಯಿತು, ಚಿತ್ರ ಅಚ್ಚಾಯಿತು, ಪೂರ್ತಿ ಸರಕು ತಯಾರಾಯಿತು.

ಮೊದಲು ಹಾಕಿಕೊಂಡವರು ಅಧ್ಯಕ್ಷರು. ಎದ್ದು ನಿಂತ ಕ್ಷಣವೇ ಅವರು ಎಡಕ್ಕೆ ವಾಲಿ, ಪಕ್ಕದಲ್ಲಿದ್ದ ನಂಜುಂಡಯ್ಯನವರನ್ನು ಹಿಡಿದುಕೊಂಡರು. ನಂಜುಂಡಯ್ಯನವರು ಬೀರುವನ್ನು ಹಿಡಿದುಕೊಂಡರು. ಬೀರು ಯಾರನ್ನೂ ಹಿಡಿದುಕೊಳ್ಳಲಿಲ್ಲ.

"ಏನ್ರೀ ನಂಜುಂಡಯ್ನೋರೆ, ಇದು ಚಪ್ಲಿನೋ ಬುಗುರಿನೋ? ನಿಂತ್ಕಂಡ್ರೆ ತಿರುಗ್ತೈತಲ್ರೀ!" ಎಂದು ಗಂಗಲಕ್ಷ್ಮಮ್ಮನವರು ನೆಲದಿಂದಲೇ ಕೇಳಿದರು.

"ಮಾದರಿ ಅನುಮೋದನೆ ಆಗಿದೆ ಮೇಡಂ," ಎಂದು ನಂಜುಂಡಯ್ಯನವರೂ ನೆಲದಿಂದಲೇ ಉತ್ತರಿಸಿದರು.

"ಬಿದ್ದಿದ್ದು ನಾನು ಕಣ್ರೀ, ಅನುಮೋದ್ನೆ ಅಲ್ಲ. ಒಸಿ ಕೈ ಕೊಡಿ."

ವಿಚಾರಣೆಗೆ ಗುಲ್ಜಾರ್ ಬೀ ಬಂದರು.

"ತಳ ಯಾಕಮ್ಮ ದುಂಡಗೆ ಮಾಡ್ದೆ?" ಎಂದರು ನಿರ್ದೇಶಕರು.

"ಅಂಚು ಬುಟ್ರೆ ಮಗು ಬಾಯಿಗೆ ಚುಚ್ಚಲ್ವಾ ಸಾಬ್?"

"ಯಾವ ಮಗು?"

"ಯಾವ್ದೋ ಒಂದು. ಮನೆ ಅಂದ್ಮೇಲೆ ಮಗು ಇರಲ್ವಾ? ಅದು ಚಪ್ಲಿ ಬಾಯಿಗಿಡಲ್ವಾ? ನಿಮ್ದು ಮನೇಲಿ ಇಟ್ಟಿಲ್ವಾ?"

ನಿರ್ದೇಶಕರ ಮನೆಯಲ್ಲಿ ಇಟ್ಟಿದ್ದುಂಟು, ಹೀಗಾಗಿ ಅವರು ಕಡತದ ಹಾಳೆ ತಿರುವಿದರು. ಗುಲ್ಜಾರ್ ಬೀ ತಮ್ಮದು ತಪ್ಪೆಂದು ಒಪ್ಪದೆಯೇ, "ಬೇಕಾದ್ರೆ ಒಂದು ಬೆಳಿಗ್ಗೆ ಟೈಮ್ ಕೊಡಿ, ತಳ ಎಲ್ಲಾ ಕುಯ್ದು ಸಮ ಮಾಡಿ ಬಿಸಾಕ್ತೀನಿ" ಎಂದರು.

ಈ ಮಾತಿಗೆ ನಂಜುಂಡಯ್ಯನವರು ನಿಜವಾಗಿ ಹೆದರಿದರು. ಅನುಮೋದನೆಯಾಗಿರುವುದು ದುಂಡು ತಳ. ಚಪ್ಪಟೆ ಮಾಡಿದರೆ ಅದು ಅನುಮೋದನೆಯಿಲ್ಲದ ಪಾದರಕ್ಷೆ. ಬದಲಾವಣೆಗೆ ತಾಂತ್ರಿಕ ಸಮಿತಿ ಒಪ್ಪಬೇಕು; ಆ ಸಮಿತಿಯನ್ನು ಆಯ್ಕೆ ಮಾಡಬೇಕಾದ ಸಮಿತಿ ಇನ್ನೂ ಹುಟ್ಟಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಜನ ಆಡಿಕೊಳ್ಳುತ್ತಾರೆ, ಆದರೆ ಆ ಮೊಲಕ್ಕೆ ಒಮ್ಮೆ ಅನುಮೋದನೆಯಾದ ಮೇಲೆ ನಾಲ್ಕನೆಯ ಕಾಲು ತರುವುದು ಎಷ್ಟು ಕಷ್ಟವೆಂದು ಆಡಿಕೊಳ್ಳುವವರಿಗೆ ಗೊತ್ತಿಲ್ಲ. ಕೊನೆಗೆ ಆದೇಶ ಹೊರಟಿತು: ಉದ್ಘಾಟನೆಯ ದಿನ ಸದರಿ ಪಾದರಕ್ಷೆಗಳ ಪ್ರದರ್ಶನ ಯಶಸ್ವಿಯಾಗತಕ್ಕದ್ದು, ತಪ್ಪಿದಲ್ಲಿ ಲೇತಿಗೆ ಮೊಹರು ಹಾಕಿ ಶೆಡ್ಡನ್ನು ಅರ್ಹರಿಗೆ ವಹಿಸಲಾಗುವುದು.

ಅರ್ಹರೆಂದರೆ ಅಧ್ಯಕ್ಷರ ತಮ್ಮ. ಅವರು ನೀರಿನ ಕ್ಯಾನುಗಳ ವ್ಯಾಪಾರಕ್ಕೆ ಜಾಗ ಹುಡುಕುತ್ತಿದ್ದದ್ದು ಕೇವಲ ಕಾಕತಾಳೀಯ. ಕ್ಯಾನುಗಳು ಆದೇಶಕ್ಕಿಂತ ಒಂದು ದಿನ ಮೊದಲೇ ಶೆಡ್ಡಿನ ಬಾಗಿಲಿಗೆ ಬಂದದ್ದೂ ಅಷ್ಟೇ. ಗುಲ್ಜಾರ್ ಬೀ ಆ ಕ್ಯಾನುಗಳನ್ನು ನೋಡುತ್ತಾ ಲೇತಿನ ಮೇಲೆ ಕೈಯಿಟ್ಟು ನಿಂತಿದ್ದರು. ನನಗೆ ಅಯ್ಯೋ ಅನ್ನಿಸಿತು. ಆದರೆ ಪ್ರಚಾರ ಶಾಖೆಗೆ ಅಯ್ಯೋ ಅನ್ನುವ ಅಧಿಕಾರವಿಲ್ಲ.

ಉದ್ಘಾಟನೆ ಚನ್ನಪಟ್ಟಣದ ಕಲ್ಯಾಣ ಮಂಟಪದಲ್ಲಿ ನಡೆಯಿತು. ಬೆಂಗಳೂರಿನಿಂದ ಸಚಿವರು, ಕಚೇರಿಯ ಭಾಷೆಯಲ್ಲಿ ಮಾನ್ಯರು, ಬಂದು ದೀಪ ಬೆಳಗಿಸಿದರು. ಕೆಂಪು ಹಾಸಿನ ಮೇಲೆ ನಡೆಯಬೇಕಾದ ಸ್ವಸಹಾಯ ಸಂಘದ ಮಹಿಳೆಯರು ವೇದಿಕೆಯ ಹಿಂದೆ, ಕೈ ತೊಳೆಯುವ ನಲ್ಲಿಗಳ ಪಕ್ಕ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಗುಲ್ಜಾರ್ ಬೀ ಅವರನ್ನು ಎತ್ತಿ ನಿಲ್ಲಿಸುವುದು, ಅವರು ಬೀಳುವುದು, ಹೀಗೆ ಸಾಗಿತ್ತು. ಹೊರಗೆ ಧ್ವನಿವರ್ಧಕದಲ್ಲಿ ಉಯ್ಯಂಬಳ್ಳಿಯ ಮಾರಮ್ಮನ ಹೆಸರು ಕೂಗಿದರು.

ಮಾರಮ್ಮ ಎರಡೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೊರಟೇಬಿಟ್ಟಳು.

"ಕಾಲಿಗೆ ಹಾಕ್ಕೊಳಮ್ಮ!" ಎಂದು ನಾನು ಪಿಸುಗುಟ್ಟಿದೆ.

"ಒಸ ಚಪ್ಲಿ ಕಣಪ್ಪ. ಈಗ್ಲೇ ಹಾಕ್ಕಂಡು ತುಳುದ್ರೆ ಸವ್ದೋಗಕಿಲ್ವಾ?"

ಇದು ಉಯ್ಯಂಬಳ್ಳಿಯ ಕಡೆಯ ರೂಢಿ. ಹೊಸ ಚಪ್ಪಲಿಯನ್ನು ಹೊಲದ ದಾರಿಯುದ್ದಕ್ಕೂ ಕೈಯಲ್ಲಿ ಹಿಡಿದು ಬಂದು, ಬಸ್ಸು ಕಾಣಿಸಿದಾಗ ಕಾಲಿಗೆ ಹಾಕುತ್ತಾರೆ. ಮಾರಮ್ಮ ಕೆಂಪು ಹಾಸಿನ ಮೇಲೆ ಬಸ್ಸಿಗೆ ಹೋಗುವವಳಂತೆಯೇ, ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿಗಳನ್ನು ಎದೆಗವಚಿಕೊಂಡು ಬಿರಬಿರನೆ ನಡೆದಳು. ಉಳಿದವರೂ ಬಿಚ್ಚಿ ಹಿಡಿದುಕೊಂಡು ಅವಳ ಹಿಂದೆ ಹೊರಟರು. ಯಾರೂ ಬೀಳಲಿಲ್ಲ.

ನಂಜುಂಡಯ್ಯನವರು ಕಣ್ಣು ಮುಚ್ಚಿಕೊಂಡರು. ಆಗ ಸಲಹೆಗಾರ್ತಿ ಎದ್ದು ನಿಂತು, "ಹ್ಯಾಂಡ್‌ಹೆಲ್ಡ್! ಕೈಯಲ್ಲಿ ಹಿಡಿಯೋ ಫ್ಯಾಷನ್! ವಿದೇಶದಲ್ಲೇ ಇದು ಬರೋ ವರ್ಷ ಬರ್ಬೇಕಿತ್ತು!" ಎಂದು ಚಪ್ಪಾಳೆ ತಟ್ಟಿದರು. ಮಾನ್ಯರು ತಟ್ಟಿದರು. ಮಾನ್ಯರು ತಟ್ಟಿದ ಮೇಲೆ ಊರೇ ತಟ್ಟಿತು. ಮಾನ್ಯರು ಭಾಷಣದಲ್ಲಿ ಹೇಳಿದರು: "ಇಲ್ಲಿಯವರೆಗೆ ಪಾದರಕ್ಷೆ ನಮ್ಮನ್ನು ರಕ್ಷಿಸಿತು. ಇನ್ನು ಮುಂದೆ ಪಾದರಕ್ಷೆಯನ್ನು ನಾವು ರಕ್ಷಿಸೋಣ." ಈ ಮಾತನ್ನು ಬರೆದುಕೊಟ್ಟವನು ನಾನಲ್ಲ. ಬರೆಯಲಾಗಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ನನಗೆ ಇಂದಿಗೂ ಇದೆ.

ಮರುದಿನವೇ ಪ್ರಕಟಣೆ ಹೊರಟಿತು.

"ಸಾರ್ವಜನಿಕರ ಗಮನಕ್ಕೆ. ಮಂಡಳಿಯ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿಯತಕ್ಕದ್ದು. ಬಲಗಾಲಿನದನ್ನು ಬಲಗೈಯಲ್ಲಿಯೂ ಎಡಗಾಲಿನದನ್ನು ಎಡಗೈಯಲ್ಲಿಯೂ ಹಿಡಿಯುವುದು ಅಪೇಕ್ಷಣೀಯ. ಎರಡೂ ಕೈಗಳು ಅನ್ಯಕಾರ್ಯದಲ್ಲಿದ್ದರೆ ಪತಿಯು ಹಿಡಿಯಬಹುದು. ಕಾಲಿಗೆ ಧರಿಸಿ ನಡೆಯುವುದು ಉತ್ಪನ್ನದ ದುರುಪಯೋಗವಾಗಿದ್ದು, ಕ್ರಮ ಜರುಗಿಸಲಾಗುವುದು."

ನಾಲ್ಕೂ ತಾಲ್ಲೂಕಿನಲ್ಲಿ ಟ್ರೆಂಡ್ ಹಬ್ಬಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಂಗಸರು ಚಪ್ಪಲಿ ಹಿಡಿದುಕೊಂಡೇ ಬಂದರು. ಮಾಗಡಿಯ ಮದುವೆಯೊಂದರಲ್ಲಿ ವಧುವಿನ ಕೈಯಲ್ಲಿ ಚಪ್ಪಲಿಯಿದ್ದ ಕಾರಣ ಹಾರವನ್ನು ಸೋದರಮಾವ ಹಾಕಬೇಕಾಯಿತು. ಫೋಟೋ ಚೆನ್ನಾಗಿ ಬಂದಿದೆ. ಪ್ರದರ್ಶನ ಯಶಸ್ವಿಯಾದ್ದರಿಂದ ಗುಲ್ಜಾರ್ ಬೀಯವರ ಲೇತು ಉಳಿಯಿತು. ಕ್ಯಾನುಗಳು ಮಾತ್ರ ಬಾಗಿಲಲ್ಲೇ ಕಾದವು.

ಒಂದು ಸಣ್ಣ ತೊಡಕು ಉಳಿದಿತ್ತು. ಕೈಗೆ ಚಪ್ಪಲಿ ಬಂದ ಮೇಲೆ ಕಾಲು ಬರಿದಾಯಿತು. ಬೇಸಿಗೆಯ ಹೈವೇ ಟಾರು ಟ್ರೆಂಡ್ ನೋಡುವುದಿಲ್ಲ. ಗುಲ್ಜಾರ್ ಬೀಯವರ ಅಂಗಾಲಿನಲ್ಲಿ ಬೊಬ್ಬೆ ಎದ್ದಿತು. ಆಕೆ ಸಹಿಸಿಕೊಳ್ಳುವ ಜಾತಿಯಲ್ಲ. ಒಂದು ಜೊತೆಯ ತಳ ಕುಯ್ದು ಸಮ ಮಾಡಿ ಕಾಲಿಗೆ ಹಾಕಿಕೊಂಡು ಬಜಾರಿಗೆ ಹೋದರು. ನಡೆದರು. ಬೀಳದೆ ವಾಪಸು ಬಂದರು. ಇಷ್ಟು ಗಂಭೀರವಾದ ದೂರು ಬಂದ ಮೇಲೆ ಮಂಡಳಿ ಸುಮ್ಮನಿರಲು ಸಾಧ್ಯವಿರಲಿಲ್ಲ.

ವಿಚಕ್ಷಣ ದಳ, ಅಂದರೆ ನಂಜುಂಡಯ್ಯನವರು, ನಾನು ಮತ್ತು ಜೀಪಿನ ಡ್ರೈವರ್, ಶೆಡ್ಡಿಗೆ ಹೋದೆವು. ಮೊಹರು ತಂದಿದ್ದೆವು, ಅದಕ್ಕೆ ಕರಗಿಸಿ ಹಾಕುವ ಅರಗು ಮರೆತಿದ್ದೆವು. ಗುಲ್ಜಾರ್ ಬೀಯವರನ್ನೇ ಕೇಳಿದೆವು. ಆಕೆ ಬಣ್ಣದ ಅರಗಿನ ಕಡ್ಡಿಗಳನ್ನು ಮುಂದಿಟ್ಟು, "ಕೆಂಪಾ ಹಸಿರಾ?" ಎಂದರು. ಅರಗು ಯಾಕೆಂದು ಆಕೆಗೆ ಆಮೇಲೆ ಹೊಳೆಯಿತು. ಕಡ್ಡಿಗಳನ್ನು ಹಿಂದಕ್ಕೆ ಎಳೆದುಕೊಂಡರು.

"ಗುಲ್ಜಾರ್ ಬೀ, ನಿಮ್ಮ ಕಾಲಲ್ಲಿ ಇರೋದು ಏನು?" ಎಂದು ನಂಜುಂಡಯ್ಯನವರು ಕೇಳಿದರು.

ಆಕೆ ಲೇತನ್ನು ನೋಡಿದರು. ಬಾಗಿಲಲ್ಲಿದ್ದ ಕ್ಯಾನುಗಳನ್ನು ನೋಡಿದರು. ಕೈ ಸೊಂಟಕ್ಕೆ ಹೋಯಿತು.

"ಬೊಂಬೆ ಸಾಬ್."

"ಬೊಂಬೆನಾ?"

"ಹಾಲೆ ಮರ. ಅರಗಿನ ಬಣ್ಣ. ಚನ್ನಪಟ್ಣದ ಲೇತು. ಬೊಂಬೆ ಅಲ್ದೆ ಇನ್ನೇನು? ಚಪ್ಲಿ ಆಗಿದ್ರೆ ಕೈಯಲ್ಲಿ ಇರ್ತಿತ್ತಲ್ವಾ? ನಿಮ್ದೇ ಆರ್ಡರು."

ನಂಜುಂಡಯ್ಯನವರು ಪ್ರಕಟಣೆಯನ್ನು ತೆಗೆದು ಎರಡು ಸಲ ಓದಿದರು. ಎಲ್ಲಿಯೂ ಲೋಪ ಸಿಗಲಿಲ್ಲ. ಕೈಯಲ್ಲಿ ಹಿಡಿದದ್ದು ಪಾದರಕ್ಷೆ, ಇದು ಕೈಯಲ್ಲಿಲ್ಲ, ಆದ್ದರಿಂದ ಪಾದರಕ್ಷೆಯಲ್ಲ. ಅವರ ಮುಖದಲ್ಲಿ ನೆಮ್ಮದಿ ಕಾಣಿಸಿತು. ಆದರೂ ಕರ್ತವ್ಯನಿಷ್ಠರಾದ್ದರಿಂದ, "ಬೊಂಬೆ ಅಂದ್ಮೇಲೆ ಎಳೆಯೋಕೆ ದಾರ ಇರ್ಬೇಕಲ್ಲಮ್ಮ?" ಎಂದರು.

ಗುಲ್ಜಾರ್ ಬೀ ಎರಡಕ್ಕೂ ಒಂದೊಂದು ದಾರ ಕಟ್ಟಿದರು. ನಂಜುಂಡಯ್ಯನವರು ಬಗ್ಗಿ ಒಂದು ದಾರವನ್ನು ಮೆಲ್ಲಗೆ ಎಳೆದರು. ಆಕೆಯ ಬಲಗಾಲು ಮುಂದಕ್ಕೆ ಬಂತು. "ಸರಿಯಿದೆ, ಬೊಂಬೆಯೇ" ಎಂದು ಷರಾ ಬರೆದು ಮೊಹರನ್ನು ಚೀಲಕ್ಕೆ ಹಾಕಿಕೊಂಡರು.

ವಾರದೊಳಗೆ ಗಂಗಲಕ್ಷ್ಮಮ್ಮನವರೇ ಶೆಡ್ಡಿಗೆ ಬಂದರು. "ನಂಗೂ ಒಂದ್ ಜೊತೆ ಬೊಂಬೆ ಮಾಡ್ಕೊಡವ್ವ. ಮಾನ್ಯರ ಮುಂದೆ ಚಪ್ಲಿ ಇಡ್ಕಂಡು ನಿಂತು ನಿಂತು ಕಾಲು ಸುಟ್ಟೋಗವೆ" ಎಂದರು. ಗುಲ್ಜಾರ್ ಬೀ ಅಳತೆ ತೆಗೆಯುತ್ತಾ, ಕ್ಯಾನುಗಳು ಅಡ್ಡ ಇದ್ದರೆ ಬೆಳಕು ಸಾಲದು ಎಂದರು. ಸಂಜೆಗೆ ಕ್ಯಾನುಗಳು ಬೇರೆ ಯಾವುದೋ ಮಂಡಳಿಯ ಶೆಡ್ಡಿಗೆ ಹೋದವು.

ಈಗ ನಮ್ಮ ನಾಲ್ಕು ತಾಲ್ಲೂಕಿನ ಮಹಿಳೆಯರೆಲ್ಲ ಕೈಯಲ್ಲಿ ಪಾದರಕ್ಷೆ ಹಿಡಿದು, ಕಾಲಿಗೆ ಬೊಂಬೆ ಹಾಕಿ, ದಾರ ಎಳೆದುಕೊಂಡು ಓಡಾಡುತ್ತಾರೆ. ದಾರ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡರೆ ಕಂಡಕ್ಟರು ಬಿಡಿಸಿಕೊಡಬೇಕೆಂದು ವಿನಂತಿಸಲಾಗಿದೆ. ಬೊಂಬೆಗಳ ಬಳಕೆ ವಯಸ್ಕ ಮಹಿಳೆಯರಲ್ಲಿ ಗಣನೀಯವಾಗಿ ಏರಿದ್ದಕ್ಕೆ ಮೇಲಿನವರಿಂದ ಮಂಡಳಿಗೆ ಮೆಚ್ಚುಗೆ ಬಂದಿದೆ. ಲೇತು ಹಗಲೆಲ್ಲ ತಿರುಗುತ್ತದೆ, ಬೆಳಿಗ್ಗೆ ಕೈಗೆ, ಮಧ್ಯಾಹ್ನ ಕಾಲಿಗೆ. ಮರದ ಕುದುರೆ, ಗಿಲಕಿ, ತಲೆಯಾಡಿಸುವ ಮುದುಕ, ಇವಕ್ಕೆಲ್ಲ ಪುರಸೊತ್ತಿಲ್ಲ.

ಮೊನ್ನೆ ಕನಕಪುರದ ಕಡೆಯ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಶೆಡ್ಡಿಗೆ ಬಂದಳು.

"ಬೀಯಮ್ಮ, ಪಾಪುಗೆ ಒಂದು ಬೊಂಬೆ ಬೇಕಿತ್ತು."

ಗುಲ್ಜಾರ್ ಬೀ ಲೇತಿನಿಂದ ಕಣ್ಣು ತೆಗೆಯದೆ, "ಕಾಲು ಎಷ್ಟು ಉದ್ದ?" ಎಂದರು.

ಆ ಹೆಂಗಸಿಗೆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು. ಕೈಯಲ್ಲಿದ್ದ ಚಪ್ಪಲಿಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಗುವಿನ ಪಾದವನ್ನು ಮುಂದಕ್ಕೆ ಹಿಡಿದು ತೋರಿಸಿದಳು.