ಚೌಕದ ವಾಸನೆ

ಮೊಳೆ ಡಬ್ಬಿ ಹಗುರವಾಗಿತ್ತು.

ರೂಫಸ್ ಗ್ಯಾಡ್ಸನ್ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗ್ಯಾರೇಜಿನ ಬಾಗಿಲ ಕಡೆ ಒಮ್ಮೆ ನೋಡಿ, ಮುಚ್ಚಳ ತೆಗೆದು, ಮೊಳೆಗಳ ಕೆಳಗೆ ಬೆರಳು ತೂರಿಸಿ ಹಸಿರು ಪ್ಯಾಕನ್ನು ಎಳೆದ. ಗುರುವಾರ ತಂದಿಟ್ಟಿದ್ದ ತುಂಬಿದ ಪ್ಯಾಕು ಶನಿವಾರ ಬೆಳಗ್ಗೆಗೆ ಅರ್ಧ ಖಾಲಿ. ತಾನು ಸೇದಿದ್ದು ಎರಡೋ ಮೂರೋ. ಮಿಕ್ಕಿದ್ದು ಎಲ್ಲಿಗೆ ಹೋಯಿತು? ಇಲಿ ಮೊಳೆ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ತೆಗೆದರೂ ಮತ್ತೆ ಮುಚ್ಚಿಡುವಷ್ಟು ಮರ್ಯಾದೆ ಅದಕ್ಕಿಲ್ಲ.

ಕಳ್ಳತನವಾಗಿದೆ ಎಂದು ಕೂಗುವ ಹಾಗೂ ಇರಲಿಲ್ಲ. ಐದು ವರ್ಷದ ಹಿಂದೆ ರೂಫಸ್‌ನ ಅಣ್ಣ ಶ್ವಾಸಕೋಶ ಸುಟ್ಟುಕೊಂಡು, ಕೆಮ್ಮಿ ಕೆಮ್ಮಿ ಸತ್ತ. ಆ ದಿನ ರೂಫಸ್‌ನ ಮಗಳು ಲಾಟ್ರೀಸ್ ಅಳುತ್ತಾ ಬೈಬಲ್ ತಂದು ಅಪ್ಪನ ಮುಂದೆ ಹಿಡಿದಿದ್ದಳು. ಅವನು ಅದರ ಮೇಲೆ ಕೈಯಿಟ್ಟು ಇನ್ನು ಸೇದುವುದಿಲ್ಲ ಎಂದಿದ್ದ. ಎರಡು ವರ್ಷ ಮಾತು ಉಳಿಸಿಕೊಂಡ, ಸುಳ್ಳೇಕೆ? ಆಮೇಲೊಂದು ಚಳಿಗಾಲ ಅವನು ಓಡಿಸುವ ಸಿಟಿ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡಾಗ ಒಬ್ಬ ಪ್ರಯಾಣಿಕ ಒಂದು ಕೊಟ್ಟ. ಅಲ್ಲಿಗೆ ಮುಗಿಯಿತು. ಈ ಗುಟ್ಟು ಅವನಿಗೆ, ಮೂಲೆ ಅಂಗಡಿಯ ಸಾಲೆಹ್‌ಗೆ ಮತ್ತು ದೇವರಿಗೆ ಮಾತ್ರ ಗೊತ್ತಿತ್ತು. ಮೂವರೂ ಬಾಯಿ ಬಿಟ್ಟಿರಲಿಲ್ಲ.

ತಲೆ ಕೆರೆಯುತ್ತಾ ಅಡುಗೆಮನೆಗೆ ಬಂದ. ಹೆಂಡತಿ ಅರ್ನೆಟಾ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಮೇಜಿನ ಮೇಲೆ ಅವಳ ಅರ್ಧ ಕಪ್ ಕಾಫಿ, ಅರ್ಧ ತುಂಡು ಟೋಸ್ಟ್. ಎಲ್ಲವನ್ನೂ ಅರ್ಧಕ್ಕೇ ಬಿಡುವುದು ಅವಳ ಹುಟ್ಟುಗುಣ. ಮದುವೆಯ ಕೇಕನ್ನೂ ಹಾಗೇ ಬಿಟ್ಟಿದ್ದಳು. ಉಳಿದ ಕಾಫಿ ಕುಡಿದು, ಬೌಲಿಂಗ್ ಗೆಳೆಯನ ಜೊತೆ ಮಾತಾಡೋಣ ಎಂದು ಫೋನೆತ್ತಿದ. ಅದೇ ಲೈನಿನ ಮಹಡಿಯ ಫೋನಿನಲ್ಲಿ ಆಗಲೇ ಲಾಟ್ರೀಸ್ ಗೆಳತಿಯ ಜೊತೆ ಮಾತಾಡುತ್ತಿದ್ದಳು.

"ಆರು ಚೌಕ ಸಿಕ್ಕಿದೆ ಕಣೇ. ಇನ್ನೆರಡು ಬೇಕು. ಮಾರೆಕ್ ನಿನ್ನೆ ಗ್ಯಾರೇಜ್ ಹಿಂದೆ ಕೊಟ್ಟ. ಅಯ್ಯೋ, ಏನ್ ವಾಸನೆ ಅಂತೀಯ! ನನ್ ಜಾಕೆಟ್ಟೆಲ್ಲ ಹೊಗೆ ನಾತ. ಡ್ಯಾಡಿಗೆ ಗೊತ್ತಾದ್ರೆ ಮುಗೀತು."

ಡೆಟ್ರಾಯಿಟ್ ಕಡೆ ಸಿಗರೇಟಿಗೆ ಸಿಗರೇಟು ಅನ್ನುವವರು ಬಿಳಿಯರು ಮತ್ತು ಟೀವಿಯವರು. ನಮ್ಮ ಕಪ್ಪು ಜನರ ಬಾಯಲ್ಲಿ ಅದು 'ಚೌಕ'. ದುಂಡಗಿರುವುದಕ್ಕೆ ಚೌಕ ಎಂದು ಯಾಕೆ ಹೆಸರಿಟ್ಟರು ಅಂತ ಕೇಳಬೇಡಿ, ನಮ್ಮ ಅಜ್ಜಂದಿರನ್ನು ಕೇಳಿ.

ಫೋನನ್ನು ಸದ್ದಿಲ್ಲದೆ ಕೆಳಗಿಟ್ಟ. ಹದಿನಾರರ ಹುಡುಗಿ! ಅಣ್ಣನ ಕೊನೆಯ ದಿನಗಳ ಕೆಮ್ಮು ಕಿವಿಯಲ್ಲಿ ಕೇಳಿತು. ಮೊಳೆ ಡಬ್ಬಿಗೆ ಕೈ ಹಾಕಿದ್ದು ಇವಳೇ ಎಂದಾದರೆ ಮಗಳಿಗೆ ವಿಷ ತಂದಿಟ್ಟವನು ತಾನೇ.

ಇದರ ಜೊತೆಗೆ ಇನ್ನೊಂದು ಪೇಚು. ಬುಧವಾರ ಟೀವಿಯಲ್ಲಿ ಹೈಸ್ಕೂಲು ಮಕ್ಕಳ ಧೂಮಪಾನದ ಸುದ್ದಿ ಬಂದಿತ್ತು. ಬಿಳಿ ಮಕ್ಕಳು ಎಲ್ಲರಿಗಿಂತ ಮುಂದೆ, ಮೆಕ್ಸಿಕನ್ ಮಕ್ಕಳು ಮಧ್ಯೆ, ಕಪ್ಪು ಮಕ್ಕಳು ಎಲ್ಲರಿಗಿಂತ ಹಿಂದೆ. ಯಾವುದರಲ್ಲಾದರೂ ಹಿಂದೆ ಬಿದ್ದು ಹೆಮ್ಮೆಪಡುವ ಅವಕಾಶ ದಿನಾ ಸಿಗುತ್ತದೆಯೇ? ರೂಫಸ್ ಬೇಕೆಂದೇ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ಪೋಲಿಷ್ ಮುದುಕಿ ಜಡ್ವಿಗಾ ವ್ರೋನಾಗೆ ವರದಿ ಒಪ್ಪಿಸಿದ್ದ. "ನಮ್ ಕಾಲದಲ್ಲಿ ನಿಮ್ಮೋರು ನಮ್ಮೋರು ಎಲ್ರೂ ಹದಿನಾಲ್ಕಕ್ಕೇ ಶುರು ಮಾಡ್ತಿದ್ವಿ ಬಿಡಿ, ವ್ರೋನಾ ಅಮ್ಮ. ಈಗ ನೋಡಿ, ನಮ್ ಮಕ್ಕಳು ಮೂಸೀನೂ ನೋಡಲ್ಲ." ಆಗ ಅವಳ ಮೊಮ್ಮಗ ಮಾರೆಕ್ ಮೆಟ್ಟಿಲ ಮೇಲೆ ಕೂತು ಇಟ್ಟಿಗೆ ಗೂಡಿನ ಹಾಗೆ ಹೊಗೆ ಬಿಡುತ್ತಿದ್ದ. ಜಡ್ವಿಗಾ ಅದನ್ನು ಮರೆಯುವ ಹೆಂಗಸಲ್ಲ.

ರೂಫಸ್ ಮೊದಲು ಸಾಲೆಹ್‌ನ ಅಂಗಡಿಗೆ ಓಡಿದ.

"ನಿಜ ಹೇಳು, ನನ್ ಮಗಳು ನಿನ್ನತ್ರ ಚೌಕ ತಗೊಂಡ್ಲಾ?"

ಯೆಮೆನ್‌ನ ಸಾಲೆಹ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಏನಣ್ಣ ಹೀಗಂತೀರಿ? ನಿಮ್ ಮಕ್ಕಳು ಕೇಳೋದೇ ಇಲ್ಲ. ಕೇಳೋರು ಪೋಲಿಷ್ ಹುಡುಗ್ರು. ಪೆನ್ಸಿಲಲ್ಲಿ ಮೀಸೆ ಬರ್ಕೊಂಡ್ ಬರ್ತಾರೆ, ಬೆವರಿದ್ರೆ ಮೀಸೆ ಗಲ್ಲಕ್ಕೆ ಇಳೀತದೆ."

"ನಿಮ್ಮೋರು?"

"ನಮ್ ಹುಡುಗ ಇಲ್ಲಿ ಒಂದು ಹಚ್ಚಿದ್ರೆ ಸಂಜೆಯೊಳಗೆ ಅಲ್ಲಿ ನಮ್ಮೂರು ಸನಾದಲ್ಲಿರೋ ಚಿಕ್ಕಪ್ಪ ಫೋನಲ್ಲಿ ಬಯ್ತಿರ್ತಾನೆ. ಸೇದೋರು ನಮ್ಮಂಥ ಅಪ್ಪಂದಿರೇ ಅಣ್ಣ." ಸಾಲೆಹ್ ಕಣ್ಣು ಮಿಟುಕಿಸಿದ. "ನಿಮ್ಮನೇಲಿ ನೀವು ಹಸಿರು ಪ್ಯಾಕು ಒಯ್ತೀರಿ, ಅಕ್ಕ ಪೆಪ್ಪರ್‌ಮಿಂಟು ಒಯ್ತಾರೆ, ಮಗಳು ಮೊನ್ನೆ ಸೂಜಿ ಒಯ್ದಳು. ಅಷ್ಟೇ."

"ಸೂಜಿನಾ?"

ಅಷ್ಟರಲ್ಲಿ ಯಾರೋ ಹಾಲು ಕೇಳಿದರು, ಸಾಲೆಹ್ ಆ ಕಡೆ ಹೋದ. ರೂಫಸ್ ಅಲ್ಲಿಂದ ಹೊರಬಿದ್ದ. ಚೌಕದಿಂದ ಸೂಜಿಗೆ! ದೇವರೇ, ಬರೀ ಸಿಗರೇಟಾಗಿದ್ದರೆ ಸಾಕಪ್ಪಾ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಾ ಬಂದ.

ಬೇಲಿಯ ಹತ್ತಿರ ಜಡ್ವಿಗಾ ಕಾಯುತ್ತಿದ್ದಳು. ಕೈಯಲ್ಲಿ ಉಪ್ಪಿನಕಾಯಿ ಸೌತೆಯ ಖಾಲಿ ಬಾಟಲಿ. ಅದರಲ್ಲಿ ಸೌತೆ ಇರಲಿಲ್ಲ, ಸಿಗರೇಟು ತುಂಡುಗಳಿದ್ದವು.

"ಗ್ಯಾಡ್ಸನ್ ಅವ್ರೇ, ಒಂದ್ನಿಮಿಷ. ನಿಮ್ ಗ್ಯಾರೇಜ್ ಹಿಂದೆ, ನನ್ ಸಬ್ಬಸಿಗೆ ಸೊಪ್ಪಿನ ಮಡಿಯಲ್ಲಿ ಸಿಕ್ಕಿದ್ದು."

"ನಿಮ್ ಮಾರೆಕ್‌ದಿರ್ಬೇಕು."

"ನನ್ ಮಾರೆಕ್ ಸೇದೋದು ಕೆಂಪು ಪ್ಯಾಕು. ನಾನೇ ಬೈದು ಬೈದು ಅದರ ಹೆಸರು ಬಾಯಿಪಾಠ ಆಗಿದೆ. ಇಲ್ನೋಡಿ, ಹಸಿರು ಪಟ್ಟಿ. ಪುದೀನ ಸಿಗರೇಟು! ಪೋಲಿಷ್ ಬಾಯಿ ಪುದೀನ ಸೇದಲ್ಲ ಸ್ವಾಮಿ, ಅದರಲ್ಲಿ ಹಲ್ಲುಜ್ಜುತ್ತೆ. ಈ ಬೀದೀಲಿ ಹಸಿರು ಪಟ್ಟಿ ಅಂದ್ರೆ ನಿಮ್ಮೋರೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರೂಫಸ್ ಅಂಗಿಯ ಜೇಬು ಮುಟ್ಟಿಕೊಂಡ. ಆದರೆ ಬಾಟಲಿಯೊಳಗಿದ್ದವು ಅವನವಲ್ಲ. ಅವನು ಬುಡದ ತನಕ ಎಳೆದು, ತುಂಡನ್ನು ಕಾಗದದಲ್ಲಿ ಸುತ್ತಿ ಬಸ್ ಡಿಪೋಗೆ ಒಯ್ದು ಎಸೆಯುವ ಮನುಷ್ಯ. ಇವು ಒಂದೊಂದೂ ಸರಿಯಾಗಿ ಅರ್ಧಕ್ಕೆ ಆರಿಸಿದವು.

"ಅರ್ಧಕ್ಕೇ ಬಿಸಾಕಿದಾರೆ," ಎಂದ.

"ಹೊಸಬ್ರು ಹಂಗೇ. ಕೆಮ್ಮು ಬರತ್ತಲ್ಲ. ನಿನ್ನೆ ನಿಮ್ ಹುಡುಗಿ ಇಲ್ಲೇ ನಿಂತು ಮಾರೆಕ್ ಕೈಯಿಂದ ಒಂದು ಚೀಲ ಇಸ್ಕೊಂಡ್ಳು. ನನ್ ಕಣ್ಣಾರೆ ನೋಡಿದೀನಿ. ಬೆಂಕಿ ಇಲ್ದೆ ಹೊಗೆ ಆಡುತ್ತಾ?"

"ನಾನೇ ವಿಚಾರಿಸ್ಕೊಳ್ತೀನಿ. ಅರ್ನೆಟಾಗೆ ಮಾತ್ರ ಹೇಳ್ಬೇಡಿ ಅಮ್ಮ."

"ಹೇಳ್ದೆ ಇರ್ತೀನಾ? ಮೂಸೀನೂ ನೋಡಲ್ಲ ಅಂದಿದ್ರಲ್ಲ!" ಎಂದು ಮುದುಕಿ ಬಾಟಲಿಯನ್ನು ಎದೆಗವಚಿಕೊಂಡು ಒಳಗೆ ಹೋದಳು. ನಡಿಗೆಯಲ್ಲಿ ಹತ್ತು ವರ್ಷ ಕಮ್ಮಿಯಾಗಿತ್ತು.

ಮಧ್ಯಾಹ್ನದ ಮೇಲೆ ಲಾಟ್ರೀಸ್ ಸ್ನಾನಕ್ಕೆ ಹೋದದ್ದು ಕಂಡು ರೂಫಸ್ ಅವಳ ಕೋಣೆ ಹೊಕ್ಕ. ಕುರ್ಚಿಯ ಮೇಲಿದ್ದ ಜಾಕೆಟ್ ಮೂಸಿದ. ಹೊಗೆ! ದಿಂಬಿನ ಕೆಳಗೆ ನೋಡಿದ, ಕಪಾಟು ತಡಕಿದ. ಕೊನೆಗೆ ಮಂಚದ ಕೆಳಗೆ ತೆವಳಿದ. ಚೀಲವೇನೋ ಕೈಗೆ ಸಿಕ್ಕಿತು, ಆದರೆ ಹೊಟ್ಟೆ ಮಂಚದ ಕಬ್ಬಿಣಕ್ಕೆ ಸಿಕ್ಕಿಹಾಕಿಕೊಂಡಿತು. ಇಪ್ಪತ್ತು ವರ್ಷ ಬಸ್ಸಿನ ಸೀಟಿನಲ್ಲಿ ಕೂತು ಬೆಳೆಸಿದ ಹೊಟ್ಟೆ. ಹಿಂದೆ ಬರಲಿಲ್ಲ, ಮುಂದೆ ಹೋಗಲಿಲ್ಲ.

"ಡ್ಯಾಡಿ! ಏನ್ ಮಾಡ್ತಿದೀಯ ಅಲ್ಲಿ?"

"ಚೌಕ ಎಲ್ಲಿಟ್ಟಿದೀಯ ಹೇಳು!" ಮಂಚದ ಕೆಳಗಿನಿಂದ ಗುಡುಗಿದ. "ಸೂಜಿ ಎಲ್ಲಿ? ನನಗೆಲ್ಲಾ ಗೊತ್ತಾಗಿದೆ!"

ಮಗಳು ಮಂಚ ಎತ್ತಿದಳು. ಅವನು ಚೀಲದ ಸಮೇತ ಹೊರಗೆ ಬಂದ. ಕೂದಲಿಗೆ ಧೂಳು, ಕಣ್ಣಿಗೆ ನೀರು. ಚೀಲ ಬಗ್ಗಿಸಿದ. ನೆಲದ ಮೇಲೆ ಬಿದ್ದದ್ದು ಬಟ್ಟೆ. ಕೈಯಗಲದ ಚೌಕ ಚೌಕ ತುಂಡುಗಳು: ಒಂದು ಅವನ ಹಳೆ ಬಸ್ ಅಂಗಿಯದು, ಒಂದು ಅವನ ಅಮ್ಮನ ಭಾನುವಾರದ ಲಂಗದ್ದು, ಮಿಕ್ಕವು ಹಳದಿ ಪಟ್ಟೆಯ ಯಾವುದೋ ಅಂಗಿಯವು. ಅವುಗಳಿಂದಲೇ ಗಪ್ಪೆಂದು ಹೊಗೆಯ ವಾಸನೆ ಬರುತ್ತಿತ್ತು.

"ಹಾಳು ಮಾಡ್ದೆಯಲ್ಲ!" ಲಾಟ್ರೀಸ್ ಧೊಪ್ಪನೆ ಕೂತಳು. "ನಾಳೆ ಅಪ್ಪಂದಿರ ದಿನ. ಚರ್ಚಲ್ಲಿ ಎಲ್ಲರ ಮುಂದೆ ಕೊಡೋಣ ಅಂತ ನಿನ್ನಮ್ಮ, ನಾನು, ಅಲ್ಲಿನ ಹೆಂಗಸರು ಸೇರಿ ಕೌದಿ ಹೊಲೀತಿದ್ವಿ. ಹಳದಿ ಪಟ್ಟೆ ತೀರಿಕೊಂಡ ವ್ರೋನಾ ತಾತಂದು, ನಿನ್ ಹಳೇ ಬೌಲಿಂಗ್ ಜೊತೆಗಾರನದ್ದು. ಆ ಅಂಗಿ ಒಗೆಯೋಕೂ ವ್ರೋನಾ ಅಜ್ಜಿ ಬಿಡಲ್ಲ, ಅವರ ಚುರುಟಿನ ವಾಸನೆ ಹೋಗ್ಬಿಡತ್ತೆ ಅಂತ. ಮಾರೆಕ್ ಕದ್ದು ತಂದ್ಕೊಟ್ಟ."

ಕಪಾಟಿನ ಮೇಲಿಂದ ಕೌದಿ ಇಳಿಸಿ ಹಾಸಿದಳು. ನಡುವೆ ಕೆಂಪು ದಾರದಲ್ಲಿ ಕಸೂತಿ: 'ಐದು ವರ್ಷ, ಒಂದೂ ಚೌಕವಿಲ್ಲ'. ಕೌದಿ ತುಂಬಾ ಚೌಕಗಳೇ ಇದ್ದವು. ಅದೇ ತಮಾಷೆ. ಚರ್ಚಿನ ಹೆಂಗಸರು ಅದನ್ನು ಹೊಲಿಯುತ್ತಾ ವಾರವೆಲ್ಲ ನಕ್ಕಿದ್ದರಂತೆ.

"ನಾನು ಸೇದ್ತೀನಿ ಅಂದ್ಕೊಂಡ್ಯಾ ಡ್ಯಾಡಿ? ನಮ್ ಸ್ಕೂಲಲ್ಲಿ ಹುಡುಗೀರ ಬಾತ್‌ರೂಮಲ್ಲಿ ಹೊಗೆ ಬಿಡೋರು ಬಿಳಿ ಹುಡುಗೀರು. ನಮ್ಮೋರಲ್ಲಿ ಸೇದೋರು ಬರೀ ಮುದುಕ್ರು. ನಾನು ಒಂದು ಹಚ್ಚಿದ್ರೆ 'ಅಜ್ಜಿ ಬಂದ್ಲು, ಕುರ್ಚಿ ಕೊಡ್ರೇ' ಅಂತ ಎಲ್ರೂ ಆಡ್ಕೊಳ್ತಾರೆ." ಆಮೇಲೆ ಮೆಲ್ಲಗೆ ಅಂದಳು, "ದೊಡ್ಡಪ್ಪನ ಕೆಮ್ಮು ನಾನು ಮರ್ತಿಲ್ಲ. ನೀನು ಬಿಟ್ಟೆಯಲ್ಲ, ಅದನ್ನೂ ಮರ್ತಿಲ್ಲ."

ರೂಫಸ್‌ಗೆ ಕುಣಿಯುವಷ್ಟು ಖುಷಿಯಾಯಿತು, ನೆಲ ಬಿರಿದು ನುಂಗಬಾರದೇ ಎನ್ನುವಷ್ಟು ನಾಚಿಕೆಯೂ ಆಯಿತು. ಎರಡರಲ್ಲಿ ಯಾವುದನ್ನು ಮೊದಲು ಪಡಬೇಕು ಎಂದು ತೀರ್ಮಾನಿಸುವ ಮೊದಲೇ ಡ್ಯೂಟಿ ಮುಗಿಸಿ ಬಂದ ಅರ್ನೆಟಾಳ ಕೂಗು ಕೆಳಗಿನಿಂದ ಬಂತು.

"ಇಬ್ರೂ ಕೆಳಗೆ ಬನ್ನಿ!"

ಅಡುಗೆಮನೆಯ ಮೇಜಿನ ಮೇಲೆ ಜಡ್ವಿಗಾಳ ಬಾಟಲಿ. ಪಕ್ಕದಲ್ಲಿ ಒಂದು ತಟ್ಟೆ ಪೊಂಚ್ಕಿ, ಒಳಗೆ ಹಣ್ಣಿನ ಪಾಕ ತುಂಬಿ ಕರಿದದ್ದು. ಚಾಡಿ ಹೇಳಲು ಬರಿಗೈಯಲ್ಲಿ ಹೋಗಬಾರದು ಎನ್ನುವಷ್ಟು ಸಂಸ್ಕಾರ ಮುದುಕಿಗಿತ್ತು. ಅರ್ನೆಟಾ ನರ್ಸ್ ಉಡುಪಿನಲ್ಲೇ ನಿಂತು ಪೆಪ್ಪರ್‌ಮಿಂಟ್ ಕಚ್ಚುತ್ತಿದ್ದಳು. ಮುಖ ಕಳೆಗುಂದಿತ್ತು.

"ಕೇಳಮ್ಮ ನಿನ್ ಮಗಳನ್ನ," ಎಂದಳು ಜಡ್ವಿಗಾ. "ಹಸಿರು ಪಟ್ಟಿ!"

"ನಂದಲ್ಲ," ಅಂದಳು ಲಾಟ್ರೀಸ್.

"ನಿಂದಲ್ದೆ ಇನ್ಯಾರ್ದು? ನಿಮ್ಮಪ್ಪ ಬಿಟ್ಟು ಐದು ವರ್ಷ ಆಯ್ತು. ನಿಮ್ಮಮ್ಮ ನರ್ಸು."

ಅರ್ನೆಟಾ ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ನೀರು ಕುಡಿದಳು. ಮಗಳು ಅಪ್ಪನ ಕಡೆ ನೋಡಿದಳು. ರೂಫಸ್ ಕೌದಿಯನ್ನು ನೆನೆದ, ಅಣ್ಣನನ್ನು ನೆನೆದ. ಗ್ಯಾರೇಜಿಗೆ ಹೋಗಿ ಮೊಳೆ ಡಬ್ಬಿ ತಂದು, ಒಳಗಿದ್ದ ಹಸಿರು ಪ್ಯಾಕನ್ನು ತೆಗೆದು ಮೇಜಿನ ಮೇಲಿಟ್ಟ.

"ನಂದು. ಮೂರು ವರ್ಷದಿಂದ ಸೇದ್ತಿದೀನಿ."

ಮೊದಲು ಜಡ್ವಿಗಾ ಮೂಗೊರೆಸಿಕೊಂಡಳು. "ಮಗಳಿಗೋಸ್ಕರ ತಲೆ ಕೊಡ್ತಿದಾರೆ ಪಾಪ. ಅಪ್ಪ ಅಂದ್ರೆ ಅಪ್ಪ!"

ಲಾಟ್ರೀಸ್‌ಗೆ ಹಾಗನ್ನಿಸಲಿಲ್ಲ. ಅವಳು ಆ ಪ್ಯಾಕನ್ನೇ ದಿಟ್ಟಿಸುತ್ತಿದ್ದಳು. ಒಳಗೆ ಹೋಗಿ ಬೈಬಲ್ ತಂದಳು, ಅದೇ ಬೈಬಲ್. "ಈ ಬಾಟಲಿಯಲ್ಲಿರೋದು ಎಲ್ಲಾನೂ ನಿಂದೇನಾ? ಕೈಯಿಟ್ಟು ಹೇಳು."

ಅರ್ಧರ್ಧ ತುಂಡುಗಳು ಗಾಜಿನೊಳಗಿಂದ ಅವನನ್ನೇ ನೋಡುತ್ತಿದ್ದವು. ಅವು ತನ್ನವಲ್ಲ ಎಂದರೆ ಮತ್ತೆ ಎಲ್ಲರ ಕಣ್ಣು ಹುಡುಗಿಯ ಮೇಲೆ. "ಎಲ್ಲಾನೂ ನಂದೇ," ಎಂದು ಕೈಯಿಟ್ಟ.

ಲಾಟ್ರೀಸ್ ಕೌದಿ ತಂದು, ಮೂಲೆಯಲ್ಲಿ ಕೂತು, ಕತ್ತರಿಯಿಂದ ಕಸೂತಿ ಬಿಚ್ಚತೊಡಗಿದಳು. ಒಂದೊಂದು ದಾರ ಕಿತ್ತಾಗಲೂ ರೂಫಸ್‌ಗೆ ತನ್ನ ಮೈಯ ಹೊಲಿಗೆಯೇ ಬಿಚ್ಚಿದ ಹಾಗಾಗುತ್ತಿತ್ತು.

ಅರ್ನೆಟಾ ಮಾತ್ರ ಬೇಗ ಚೇತರಿಸಿಕೊಂಡಳು. ಮುಖಕ್ಕೆ ಕಳೆ ಬಂತು, ದನಿಗೆ ಬಲ ಬಂತು. "ನಾಚಿಕೆ ಆಗ್ಬೇಕು ನಿನಗೆ! ನಾಳೆ ಚರ್ಚಲ್ಲಿ ಎಲ್ಲರೆದುರು ನಿಂತು ನಿನ್ನ ಬಾಯಿಂದಲೇ ಹೇಳ್ತೀಯ. ಕ್ರಿಸ್‌ಮಸ್ ತನಕ ಬೌಲಿಂಗ್ ಇಲ್ಲ. ಮಲಗೋದು ಸೋಫಾ ಮೇಲೆ. ದಿನಾ ಶ್ವಾಸಕೋಶದ ರೋಗಿಗಳನ್ನ ನೋಡೋ ನನ್ನಂಥೋಳ ಮನೇಲೇ ಹೀಗಾ?"

"ಸರಿಯಾಗಿ ಹೇಳ್ದೆ," ಅಂದಳು ಜಡ್ವಿಗಾ. "ತಗೋ, ಒಂದು ಪೊಂಚ್ಕಿ ತಿನ್ನು. ಪಾಪ, ಸುಸ್ತಾಗಿದೀಯ."

ಅರ್ನೆಟಾ ಒಂದು ಪೊಂಚ್ಕಿ ಎತ್ತಿಕೊಂಡಳು. ನಡುವೆ ಮುರಿದಳು. ಅರ್ಧ ತಿಂದು, ಮಿಕ್ಕರ್ಧವನ್ನು ತಟ್ಟೆಗೆ ಹಾಕಿದಳು.

ರೂಫಸ್ ತಟ್ಟೆ ನೋಡಿದ. ಬಾಟಲಿ ನೋಡಿದ. ಮತ್ತೆ ತಟ್ಟೆ ನೋಡಿದ. ಪೆಪ್ಪರ್‌ಮಿಂಟಿನ ವಾಸನೆ ಮೂಗಿಗೆ ಹೊಡೆಯಿತು. ಅವನ ಬಾಯಿ ತಾನಾಗಿ ತೆರೆಯಿತು.

"ಅರ್ನೆಟಾ..."

"ಏನು?" ಅವಳು ಅವನ ಕಣ್ಣನ್ನೇ ನೋಡಿ ಕೇಳಿದಳು.

ಮೂಲೆಯಲ್ಲಿ ಕತ್ತರಿ ನಿಂತಿತು, ಮಗಳು ತಲೆಯೆತ್ತಿದಳು. ಬೈಬಲ್ ಇನ್ನೂ ಮೇಜಿನ ಮೇಲೆಯೇ ಇತ್ತು.

"ಏನಿಲ್ಲ," ಎಂದ ರೂಫಸ್.

"ಕೊಡು ಇಲ್ಲಿ ಆ ಪ್ಯಾಕು. ನಿನ್ನ ನಂಬೋಕಾಗಲ್ಲ, ಇನ್ಮೇಲೆ ನನ್ನತ್ರಾನೇ ಇರ್ಲಿ." ಪ್ಯಾಕನ್ನು ಉಡುಪಿನ ಜೇಬಿಗೆ ಹಾಕಿಕೊಂಡಳು. "ಈ ಹೊಲಸು ಬಾಟಲೀನ ಗ್ಯಾರೇಜ್ ಹಿಂದೆ ಬಿಸಾಕಿ ಬರ್ತೀನಿ, ತಡಿ."

ಹೋಗುವಾಗ ಒಲೆಯ ಪಕ್ಕದಲ್ಲಿದ್ದ ಬೆಂಕಿಪೊಟ್ಟಣವನ್ನೂ ತೆಗೆದುಕೊಂಡು ಹೋದಳು.